ನಾನು ಓದದೆ ಬಿಟ್ಟ ಎರಡು ಸಾಲು

2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನೀರು ಇಳಿದ ಮೇಲೆ ನಾನೂ ದೊಡ್ಡಪ್ಪನ ಮಗಳೂ ಹೋಗಿ ನೋಡಿದರೆ, ಮಂಚದ ಕೆಳಗಿದ್ದ ದೊಡ್ಡಪ್ಪನ ಕರಿಯ ಟ್ರಂಕು ಕೆಸರಿನಲ್ಲಿ ಅರ್ಧಕ್ಕೆ ಹೂತು ಕುಳಿತಿತ್ತು. ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ ಬರೆಸಿದ್ದ ನಂಬರು, ಹುದ್ದೆ, ಹೆಸರು ಇನ್ನೂ ಸ್ಪಷ್ಟವಾಗಿದ್ದವು. ಒಳಗೆ ಫೌಜಿನಿಂದ ಬರುವಾಗ ಅವರು ತಂದಿದ್ದ ಸಾಮಾನುಗಳಿದ್ದವು: 1971ರ ಯುದ್ಧಕ್ಕೆ ಕೊಟ್ಟ ಪೂರ್ವೀ ಸ್ಟಾರ್, ಸಂಗ್ರಾಮ್ ಮೆಡಲ್ ಎಂಬ ಎರಡು ಪದಕ, ತಳದಲ್ಲಿ ಮೊಳೆಯಿಂದ ನಂಬರು ಕೆತ್ತಿದ ಅಲ್ಯೂಮಿನಿಯಂ ಮಗ್ಗು, ನುಸಿ ತಿಂದ ಉಣ್ಣೆಯ ಸ್ವೆಟರು, ಪಿಂಚಣಿಯ ಪುಸ್ತಕ, ಕರವಸ್ತ್ರದ ಒಂದು ಗಂಟು, ಮತ್ತು ಸಕ್ಕರೆ ಚೀಲದ ಬಟ್ಟೆಯಲ್ಲಿ ಹೊಲಿದ ಕೈಚೀಲದಲ್ಲಿ ಅವರು 1969ರಿಂದ 1973ರವರೆಗೆ ಮನೆಗೆ ಬರೆದ ನೀಲಿ ಇನ್‌ಲ್ಯಾಂಡ್ ಕಾಗದಗಳು.

ಎಲ್ಲವನ್ನೂ ಧಾರವಾಡಕ್ಕೆ, ತಂಗಿಯ ಮನೆಗೆ ತಂದೆವು. ನೆಲಕ್ಕೆ ವೃತ್ತಪತ್ರಿಕೆ ಹಾಸಿ, ಒಂದೊಂದು ಕಾಗದವನ್ನೂ ಮಡಿಕೆ ಬಿಡಿಸಿ, ಹಾರದಂತೆ ಮೂಲೆಗೊಂದು ಸ್ಟೀಲಿನ ಲೋಟವಿಟ್ಟು, ಎರಡು ದಿನ ಫ್ಯಾನಿನ ಕೆಳಗೆ ಆರಿಸಿದೆವು. ಬಾಲ್‌ಪೆನ್ನಿನಲ್ಲಿ ಬರೆದ 37 ಕಾಗದಗಳು ಕಲೆ ಬಿದ್ದರೂ ಓದುವಂತೆ ಉಳಿದವು. ಶಾಯಿಯ ಪೆನ್ನಿನಲ್ಲಿ ಬರೆದದ್ದು ಒಂದೇ ಒಂದು. ಅದು ಚೀಲದಲ್ಲಿರಲಿಲ್ಲ, ಕರವಸ್ತ್ರದ ಗಂಟಿನಲ್ಲಿತ್ತು. ಅದರ ಮೇಲಿನ ಮಡಿಕೆಯ ಒಕ್ಕಣೆ ಉಳಿದಿದೆ, ಕೆಳಗಿನ ಮಡಿಕೆಯ ಕೊನೆಯ ಸಾಲುಗಳು ಉಳಿದಿವೆ. ನಡುವಿನ ಭಾಗವೆಲ್ಲ ಶಾಯಿ ಹರಡಿ ಮೋಡ ಕವಿದಂತಾಗಿದೆ. ಆ ಮೋಡದ ಕೆಳಗೆ ಏನಿತ್ತೆಂದು ನನಗೆ ಗೊತ್ತು. ಒಂಬತ್ತು ವರ್ಷದವನಿದ್ದಾಗ ಆ ಕಾಗದವನ್ನು ಮನೆಯವರೆಲ್ಲರ ಮುಂದೆ ಓದಿದವನು ನಾನೇ, ಅದರಲ್ಲಿನ ಎರಡು ಸಾಲನ್ನು ಬೇಕೆಂದೇ ಬಿಟ್ಟು ಓದಿದವನೂ ನಾನೇ.

ಮೊಮ್ಮಕ್ಕಳಿಗಾಗಿ ಈ ಕಾಗದಗಳನ್ನೆಲ್ಲ ಟೈಪ್ ಮಾಡಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. 37 ಮುಗಿದವು. ಈ ಒಂದರ ಮುಂದೆ ತಿಂಗಳುಗಟ್ಟಲೆ ಕುಳಿತಿದ್ದೇನೆ. ಕಾಗದದಲ್ಲಿ ಈಗ ಇಲ್ಲದ, ನನ್ನ ನೆನಪಿನಲ್ಲಿ ಮಾತ್ರ ಇರುವ ಸಾಲುಗಳನ್ನು ದೊಡ್ಡಪ್ಪನ ಮಾತೆಂದು ಬರೆಯುವ ಅಧಿಕಾರ ನನಗಿದೆಯೇ ಎಂಬುದು ನನ್ನನ್ನು ಬಿಡದೆ ಕಾಡುತ್ತಿದೆ.

ಎಲ್ಲರಿಗೂ ಬಂದ ಕಾಗದ

ಫೌಜಿನಿಂದ ಬರುವ ಕಾಗದ ಯಾವ ಕಾಲಕ್ಕೂ ಒಬ್ಬರಿಗೆ ಬಂದದ್ದಲ್ಲ. ದೊಡ್ಡಪ್ಪನ ಕಾಗದಗಳೆಲ್ಲವೂ ಅಜ್ಜನ ಹೆಸರಿಗೇ ಬಂದವು: ‘ತೀರ್ಥರೂಪ ತಂದೆಯವರ ಚರಣಗಳಿಗೆ ಬಾಲಕನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ, ತಮ್ಮೆಲ್ಲರ ಕ್ಷೇಮಕ್ಕೆ ಪತ್ರ ಬರೆಯಿಸುತ್ತಿರಬೇಕು.’ ಅಲ್ಲಿಂದ ಮುಂದೆ ಅವ್ವನಿಗೆ ನಮಸ್ಕಾರ, ತಮ್ಮಂದಿರಿಗೆ ಆಶೀರ್ವಾದ, ಓಣಿಯ ಹಿರಿಯರನ್ನು ಕೇಳಿದ್ದಾಗಿ ತಿಳಿಸುವುದು; ಆಮೇಲೆ ಎತ್ತಿನ ಮಾತು, ಸೊಸೈಟಿಯ ಸಾಲದ ಮಾತು, ಕಳಿಸಿದ ಮನಿಯಾರ್ಡರು ಮುಟ್ಟಿತೋ ಇಲ್ಲವೋ ಎಂಬ ಮಾತು, ಹಿಂಗಾರಿಗೆ ಬಿಳಿಜೋಳ ಎಷ್ಟು ಎಕರೆ ಬಿತ್ತಿದಿರಿ, ಕಡಲೆ ಎಷ್ಟು, ಮನೆಯ ಮೇಲ್ಮುದ್ದೆ ಸೋರುತ್ತದೆಯೇ ಎಂಬ ಮಾತು. ಈ ನಾಲ್ಕು ವರ್ಷಗಳ ಒಂದು ಕಾಗದದಲ್ಲೂ ಯುದ್ಧ ಇಲ್ಲ. ಊರಿನ ಹೆಸರಂತೂ ಇರುವ ಹಾಗೇ ಇರಲಿಲ್ಲ. ಮುದ್ರೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ನಂಬರು ಮಾತ್ರ. ಉತ್ತರದ ಮೇಲೆ ವಿಳಾಸ ಬರೆಯುವ ಕೆಲಸವೂ ನನ್ನದೇ ಆಗಿದ್ದರಿಂದ, ಸೈನ್ಯದ ಟಪಾಲು ಕಚೇರಿಯನ್ನು ಸೂಚಿಸುವ ‘99 ಎಪಿಓ’ ಎಂಬುದು ಪೂರ್ವದ ದಿಕ್ಕಿನ ಒಂದು ದೊಡ್ಡ ಊರು, ದೊಡ್ಡಪ್ಪ ಅಲ್ಲಿ ಮನೆ ಮಾಡಿಕೊಂಡಿದ್ದಾರೆ ಎಂದು ನಾನು ಬಹಳ ದಿನ ನಂಬಿದ್ದೆ.

ಈ 38 ಕಾಗದಗಳಲ್ಲಿ ದೊಡ್ಡವ್ವನ ಹೆಸರು ಒಂದು ಸಲವೂ ಬರುವುದಿಲ್ಲ. ಕೂಡು ಕುಟುಂಬದಲ್ಲಿ ಗಂಡ ತನ್ನ ಹೆಂಡತಿಗೆಂದು ಪ್ರತ್ಯೇಕ ಕಾಗದ ಬರೆಯುವ ಪದ್ಧತಿ ಇರಲಿಲ್ಲ. ತಂದೆಗೆ ಬರೆದ ಕಾಗದದಲ್ಲಿ ಅವಳನ್ನು ಹೆಸರಿಟ್ಟು ಕೇಳುವುದು ಅದಕ್ಕಿಂತ ದೂರದ ಮಾತು. ‘ಮನೆಯಲ್ಲಿ ಎಲ್ಲರಿಗೂ ಹೇಳಿರಿ’ ಎಂಬುದರಲ್ಲಿ ಅವಳೂ ಸೇರಿದ್ದಳು. ಆದರೆ ಹೆಚ್ಚುಕಡಿಮೆ ಪ್ರತಿಯೊಂದು ಕಾಗದದ ಕೊನೆಗೆ, ಸಹಿಗಿಂತ ಮೊದಲು, ಒಂದು ಪ್ರಶ್ನೆ ಇರುತ್ತಿತ್ತು: ‘ಹಿತ್ತಲದ ನುಗ್ಗಿ ಗಿಡಕ್ಕೆ ನೀರು ಹಾಕುತ್ತೀರೋ ಇಲ್ಲೋ ತಿಳಿಸಬೇಕು.’ ಇದನ್ನು ಓದಿದಾಗಲೆಲ್ಲ ಅಜ್ಜ, “ನುಗ್ಗಿ ಗಿಡಕ್ಕ ಯಾರರ ನೀರ ಹಾಕ್ತಾರೇನು? ಅದು ತಾನ ಬೆಳಿತೈತಿ. ಫೌಜಿಗೆ ಹೋಗಿ ಇಂವ ಒಕ್ಕಲತನ ಮರತಾನ” ಎಂದು ಗೊಣಗುತ್ತಿದ್ದರು. ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆ ನುಗ್ಗೆಯ ಟೊಂಗೆಯನ್ನು ತವರಿನಿಂದ ತಂದು ನೆಟ್ಟವಳು ಅವಳು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಓದುವ ಕ್ರಮ ಹೀಗಿತ್ತು. ಅಜ್ಜನಿಗೆ ಓದು ಬರುತ್ತಿತ್ತು, ಆದರೆ ಕಣ್ಣಿಗೆ ಪೊರೆ ಬಂದಿತ್ತು. ಟಪಾಲಿನವನು ಕಾಗದ ಕೊಟ್ಟ ಕೂಡಲೆ ಅಜ್ಜ ನನ್ನನ್ನು ದನದ ಕೊಟ್ಟಿಗೆಯ ಕಡೆ ಕರೆದೊಯ್ದು ಒಮ್ಮೆ ಮೆಲ್ಲಗೆ ಓದಿಸಿಕೊಳ್ಳುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಎಲ್ಲರೆದುರು ಎರಡನೆಯ ಓದು, ಗಟ್ಟಿಯಾಗಿ. ಮೂರನೆಯ ಓದೊಂದು ಇತ್ತು, ಅದು ಓದೇ ಅಲ್ಲ. ಎಲ್ಲರೂ ಎದ್ದು ಹೋದ ಮೇಲೆ ದೊಡ್ಡವ್ವ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತು, “ಇದರಾಗ ಕ್ಷೇಮ ಎಲ್ಲೈತಿ, ತಮ್ಮಾ?” ಎಂದು ಕೇಳುತ್ತಿದ್ದಳು. ನಾನು ತೋರಿಸುತ್ತಿದ್ದೆ. ದೊಡ್ಡಪ್ಪ ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ‘ಕ್ಷೇ’ಯ ಒತ್ತಕ್ಷರದ ಬಾಲವನ್ನು ಅವರು ಕೆಳಗಿನ ಸಾಲಿನವರೆಗೆ ಇಳಿಸಿ, ಬಲಕ್ಕೆ ಎಳೆದು, ಕುಡಿಯಂತೆ ಸುತ್ತಿಬಿಡುತ್ತಿದ್ದರು. ದೊಡ್ಡವ್ವ ಆ ಬಾಲದ ಮೇಲೆ ತೋರುಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದಳು. ಅಡಿಗೆಯ ಅರಿಶಿನ ಅಂಟಿದ ಬೆರಳು. ಕೆಲವು ಕಾಗದಗಳಲ್ಲಿ ಆ ಹಳದಿ ಕಲೆ ಇಂದಿಗೂ ಇದೆ, ನೆರೆಯ ನೀರೂ ಅದನ್ನು ತೊಳೆಯಲಿಲ್ಲ. ಅಕ್ಷರ ಬಾರದ ದೊಡ್ಡವ್ವ ತನ್ನ ಜೀವಮಾನದಲ್ಲಿ ಗುರುತು ಹಿಡಿಯುತ್ತಿದ್ದ ಶಬ್ದ ಅದೊಂದೇ.

ಬೇರೆ ಕೈಯ ಕಾಗದ

1971ರ ಡಿಸೆಂಬರಿನ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಪಾಕಿಸ್ತಾನದ ಸೈನ್ಯ ಢಾಕಾದಲ್ಲಿ ಶರಣಾದ ಸುದ್ದಿಯನ್ನು ಪಂಚಾಯತಿಯ ರೇಡಿಯೋದಲ್ಲಿ ಕೇಳಿದೆವು. ಒಂದೆರಡು ದಿನದಲ್ಲೇ ಎಳ್ಳಮಾವಾಸ್ಯೆ ಬಂದಿತ್ತು. ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿದೆವು. ಅಜ್ಜ ಆ ಸಲ ದೊಡ್ಡಪ್ಪನ ಹೆಸರು ಹೇಳಿ ಒಂದು ತುತ್ತನ್ನು ಪೂರ್ವದ ಬದುವಿನ ಕಡೆ ಎಸೆದದ್ದು ನೆನಪಿದೆ. ಅವರಿಂದ ತಿಂಗಳಿನಿಂದ ಕಾಗದ ಇರಲಿಲ್ಲ. ಯುದ್ಧ ಮುಗಿದ ಮೇಲೂ ಬರಲಿಲ್ಲ. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ, ಆದರೆ ಟಪಾಲಿನವನ ಸೈಕಲ್ಲಿನ ಗಂಟೆ ಕೇಳಿದರೆ ರೊಟ್ಟಿ ಬಡಿಯುವ ಸದ್ದು ನಿಂತುಬಿಡುತ್ತಿತ್ತು.

ಜನವರಿಯ ಮೊದಲ ವಾರ ಕಾಗದ ಬಂತು. ಕೊಟ್ಟಿಗೆಯಲ್ಲಿ ನಾನು ಅರ್ಧ ಓದುವಷ್ಟರಲ್ಲಿ ಅಜ್ಜ ನನ್ನ ಕೈ ಹಿಡಿದು ನಿಲ್ಲಿಸಿದರು. ಆ ಜಾಗವನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತು, “ಈ ಎರಡು ಸಾಲು ಎಲ್ಲಾರ ಮುಂದ ಓದಬ್ಯಾಡ. ಅಕಿಗೆ ದಿನ ತುಂಬ್ಯಾವ” ಎಂದರು. ದೊಡ್ಡವ್ವನಿಗೆ ಆಗ ಒಂಬತ್ತನೆಯ ತಿಂಗಳು ನಡೆದಿತ್ತು. ಸುಳ್ಳು ಹೇಳು ಎಂದು ಅಜ್ಜ ಹೇಳಲಿಲ್ಲ. ಬಿಟ್ಟು ಓದು ಎಂದರು. ಆ ಸಂಜೆ ನಾನು ಬಿಟ್ಟು ಓದಿದೆ. ದನಿ ನಡುಗದಂತೆ ನೋಡಿಕೊಂಡೆ, ಬಿಟ್ಟ ಜಾಗದಲ್ಲಿ ಎಡವದಂತೆ ಮೊದಲೇ ಎರಡು ಸಲ ಮನಸ್ಸಿನಲ್ಲಿ ಓದಿಕೊಂಡಿದ್ದೆ. ಕೊನೆಯಲ್ಲಿ ಯಥಾಪ್ರಕಾರ ನುಗ್ಗಿ ಗಿಡದ ಪ್ರಶ್ನೆ ಇತ್ತು, ಅದನ್ನೂ ಓದಿದೆ. ಆ ದಿನ ಮಾತ್ರ ಅಜ್ಜ ಗೊಣಗಲಿಲ್ಲ.

ರಾತ್ರಿ ದೊಡ್ಡವ್ವ ಬಂದು ಕುಳಿತಳು. ಕ್ಷೇಮ ಎಲ್ಲೈತಿ ಎಂದು ಕೇಳಿದಳು. ನಾನು ತೋರಿಸಿದೆ. ಬೆರಳು ಮುಂದೆ ಮಾಡಿದವಳು ಅದನ್ನು ಕಾಗದಕ್ಕೆ ತಾಗಿಸದೆ ಹಾಗೇ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಜ್ಜನ ಗೂಟಕ್ಕೆ ತೂಗುಹಾಕಿದ್ದ ಕೈಚೀಲದಲ್ಲಿ ಹಾಕದೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದಳು. ನನ್ನನ್ನು ಏನೂ ಕೇಳಲಿಲ್ಲ. ಮುಚ್ಚಿಡಲು ಹೇಳಿದ್ದನ್ನು ಚೆನ್ನಾಗಿ ಮುಚ್ಚಿಟ್ಟೆನೆಂಬ ಸಮಾಧಾನದಲ್ಲಿ ನಾನು ಮಲಗಿದೆ. ಜನವರಿಯ ಕೊನೆಯಲ್ಲಿ ತಂಗಿ ಹುಟ್ಟಿದಳು. ಏಪ್ರಿಲಿನಲ್ಲಿ ದೊಡ್ಡಪ್ಪ ರಜೆಗೆ ಬಂದರು. ಬಾಗಿಲಲ್ಲಿ ನಿಂತ ಅವರ ಬಲಗೈಯನ್ನು ನೋಡಿ ಅಜ್ಜಿ ಗೋಳಾಡಿದಳು, ಓಣಿಯ ಹೆಂಗಸರು ಅತ್ತರು. ದೊಡ್ಡವ್ವ ಮಾತ್ರ ಕಾಲಿಗೆ ನೀರು ಕೊಟ್ಟು, ಕೂಸನ್ನು ತಂದು ಅವರ ಎಡಗೈಗೆ ಇಟ್ಟಳು. ಅವಳು ಬೆಚ್ಚಿ ಬೀಳಲಿಲ್ಲವಲ್ಲ ಎಂದು ನನಗೆ ಆಗಲೂ ಆಶ್ಚರ್ಯವಾಗಿತ್ತು.

ಬೂಲೋನಿನ ಓದುಗರು

ಕಾಗದ ತೆರೆದು ಓದಿ, ಯಾವುದು ಮುಂದೆ ಹೋಗಬೇಕು ಯಾವುದು ಹೋಗಬಾರದು ಎಂದು ತೀರ್ಮಾನಿಸುವವರನ್ನು ಸೆನ್ಸಾರ್ ಎಂದು ಕರೆಯುತ್ತಾರೆ ಎಂದು ನಾನು ತಿಳಿದದ್ದು ಕಾಲೇಜಿನಲ್ಲಿ, ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಬಗ್ಗೆ ಓದುವಾಗ. 1914ರ ಸೆಪ್ಟೆಂಬರಿನಲ್ಲಿ ನಮ್ಮ ಪಲ್ಟನ್ನುಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಸ್ವಲ್ಪ ಕಾಲದಲ್ಲೇ ಅವರ ಟಪಾಲಿಗಾಗಿ ಬ್ರಿಟಿಷರು ಪ್ರತ್ಯೇಕ ಸೆನ್ಸಾರ್ ಕಚೇರಿ ತೆರೆದರು. ಮೊದಲು ರೂಆನ್‌ನಲ್ಲಿದ್ದ ಅದು ಆಮೇಲೆ ಬೂಲೋನಿಗೆ ಹೋಯಿತು. ಅದರ ಮುಖ್ಯಸ್ಥ ಈವ್ಲಿನ್ ಹೋವೆಲ್ ಎಂಬ ಅಧಿಕಾರಿ. ಉರ್ದು, ಗುರುಮುಖಿ, ಹಿಂದಿ ಹೀಗೆ ಹಲವು ನುಡಿಗಳ ಕಾಗದಗಳನ್ನು ಅಲ್ಲಿ ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಇಳಿಸಿ, ಮೇಲಿನವರಿಗೆ ವರದಿ ಕಳಿಸುತ್ತಿದ್ದರು. ಸೈನಿಕರಿಗೂ ಇದು ತಿಳಿದಿತ್ತು. ಓದು ಬಾರದವರೇ ಹೆಚ್ಚಾಗಿದ್ದುದರಿಂದ ಬರೆಯುವವನು ಬೇರೆ, ತೆರೆಯುವವನು ಬೇರೆ, ಊರಿನಲ್ಲಿ ಓದಿ ಹೇಳುವವನು ಬೇರೆ. ಇಷ್ಟು ಜನರ ನಡುವೆ ಹಾದುಹೋಗಬೇಕಾದ ಮಾತಿಗೆ ವೇಷ ಹಾಕದೆ ಗತ್ಯಂತರವಿರಲಿಲ್ಲ. ಕರಿಮೆಣಸೆಲ್ಲ ಖರ್ಚಾಗುತ್ತಿದೆ, ಕೆಂಪು ಮೆಣಸು ಅಷ್ಟಾಗಿ ಬಳಕೆಯಾಗುತ್ತಿಲ್ಲ ಎಂಬರ್ಥದಲ್ಲಿ ಬರೆದವರಿದ್ದರು. ಕರಿಮೆಣಸೆಂದರೆ ನಮ್ಮವರು, ಕೆಂಪು ಮೆಣಸೆಂದರೆ ಬಿಳಿಯರು. ಸೆನ್ಸಾರಿನವರಿಗೂ ಇದು ಅರ್ಥವಾಗಿತ್ತು. ದೊಡ್ಡಪ್ಪನ ನುಗ್ಗಿ ಗಿಡ ಮಾತ್ರ ಅಜ್ಜನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ ಎಂದು ನೆನೆದರೆ ನನಗೆ ಸಂತೋಷವಾಗುತ್ತದೆ.

ಬರೆಯುವ ಕಷ್ಟವೇ ಬೇಡವೆಂದು ಬ್ರಿಟಿಷ್ ಸೈನ್ಯ ಆ ಯುದ್ಧದಲ್ಲಿ ಅಚ್ಚು ಮಾಡಿದ ಕಾರ್ಡನ್ನೂ ಹಂಚಿತು. ‘ನಾನು ಚೆನ್ನಾಗಿದ್ದೇನೆ’, ‘ಆಸ್ಪತ್ರೆಗೆ ಸೇರಿದ್ದೇನೆ’, ‘ನಿಮ್ಮ ಪತ್ರ ಮುಟ್ಟಿದೆ’ ಎಂಬಂಥ ಸಾಲುಗಳು ಮೊದಲೇ ಮುದ್ರಿತವಾಗಿರುತ್ತಿದ್ದವು. ಬೇಡವಾದವನ್ನು ಹೊಡೆದುಹಾಕಿ ಸಹಿ, ತಾರೀಖು ಹಾಕಿದರೆ ಆಯಿತು. ಬೇರೆ ಏನಾದರೂ ಸೇರಿಸಿದರೆ ಕಾರ್ಡನ್ನು ನಾಶ ಮಾಡಲಾಗುವುದೆಂದು ಅದರ ಮೇಲೇ ಬರೆದಿತ್ತು. ಅಚ್ಚಾದ ಕ್ಷೇಮ. ಅಂಥದೊಂದು ಕಾರ್ಡು ಕೈಗೆ ಬಂದಿದ್ದರೆ ದೊಡ್ಡವ್ವ ಅದರ ಮೇಲೆ ಬೆರಳನ್ನು ಎಲ್ಲಿಡುತ್ತಿದ್ದಳು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಸಂಗತಿ. ಬೂಲೋನಿನಿಂದ ಮುಂದೆ ಬಿಟ್ಟ ಮೂಲ ಕಾಗದಗಳು ಪಂಜಾಬಿನ, ಗಢವಾಲದ, ರಾಜಸ್ಥಾನದ ಹಳ್ಳಿಗಳನ್ನು ಸೇರಿ, ಮಳೆ, ಗೆದ್ದಲು, ಒಲೆಗಳ ಪಾಲಾಗಿ ಬಹುಪಾಲು ಇಲ್ಲವಾದವು. ಉಳಿದದ್ದು ಸೆನ್ಸಾರಿನವರು ತಮ್ಮ ವರದಿಗೆಂದು ಮಾಡಿಕೊಂಡ ಇಂಗ್ಲಿಷ್ ಸಾರ. ಅದು 100 ವರ್ಷ ದಾಟಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಫ್ರಾನ್ಸಿನ ಕಂದಕಗಳಲ್ಲಿ ನಮ್ಮ ಸಿಪಾಯಿಗಳು ಏನನ್ನು ಯೋಚಿಸಿದರೆಂದು ಇಂದು ಇತಿಹಾಸಕಾರರು ಬರೆಯುವುದು ಬಹುಮಟ್ಟಿಗೆ ಆ ಹಾಳೆಗಳ ಆಧಾರದಿಂದ. ತಡೆಯಲು ಕುಳಿತವನೇ ಉಳಿಸಿದವನೂ ಆದ. ಆದರೆ ಉಳಿದದ್ದರಲ್ಲಿ ಮಾತಿದೆ, ಕೈ ಇಲ್ಲ. ಅಕ್ಷರ ಎಲ್ಲಿ ನಡುಗಿತು, ಯಾವ ಶಬ್ದದ ಬಾಲ ಉದ್ದವಾಯಿತು, ಬರೆದವನೇ ಬರೆದನೋ ಬೇರೆಯವರಿಂದ ಬರೆಸಿದನೋ ಎಂದು ಟೈಪ್ ಮಾಡಿದ ಆ ಹಾಳೆಗಳು ಹೇಳಲಾರವು. ಈಗ ನನ್ನ ಮೇಜಿನ ಮೇಲಿರುವ, ಅಂದವಾದ ಅಚ್ಚಿನ 37 ಕಾಗದಗಳೂ ಹೇಳಲಾರವು.

1999ರ ಜುಲೈ

ದೊಡ್ಡಪ್ಪ 1998ರಲ್ಲಿ ತೀರಿಕೊಂಡರು. ಮರುವರ್ಷ ಕಾರ್ಗಿಲ್. ಯುದ್ಧ ಮೊದಲ ಸಲ ನಮ್ಮ ಪಡಸಾಲೆಯ ಟೀವಿಯಲ್ಲಿ ಬಂತು. ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಒಂದೊಂದಾಗಿ ಊರುಗಳಿಗೆ ಇಳಿಯುವುದನ್ನು ದೊಡ್ಡವ್ವ ಊಟ ಬಿಟ್ಟು ನೋಡುತ್ತಿದ್ದಳು. ಜುಲೈಯಲ್ಲಿ ನಾನು ರಜೆ ಹಾಕಿ ಹೋದಾಗ, ಟೀವಿ ಆರಿಸಿ, ಟ್ರಂಕಿನಿಂದ ಕರವಸ್ತ್ರದ ಗಂಟು ತೆಗೆದು, ಅದರೊಳಗಿನ ಕಾಗದವನ್ನು ನನ್ನ ಕೈಗೆ ಕೊಟ್ಟು, “ಅವತ್ತ ನೀ ಬಿಟ್ಟಿದ್ದು ಈಗ ಓದು” ಎಂದಳು.

27 ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು. ನಾನು ಓದಿದೆ: ‘ನನ್ನ ಬಲಗೈಯ ಎರಡು ಬೆರಳು ಗುಂಡಿನ ಚೂರು ತಾಗಿ ಹೋಗಿವೆ, ಆದ್ದರಿಂದ ಈ ಕಾಗದವನ್ನು ಆಸ್ಪತ್ರೆಯಲ್ಲಿ ಪಕ್ಕದ ಖಾಟಿನಲ್ಲಿರುವ ರಾಮದುರ್ಗ ಕಡೆಯ ಸೋಬತಿಯಿಂದ ಬರೆಸಿದ್ದೇನೆ. ಬಂದೂಕು ಹಿಡಿಯಲು ಆಗುತ್ತದೋ ಇಲ್ಲೋ ಡಾಕ್ಟರು ಇನ್ನೂ ಹೇಳಿಲ್ಲ, ಆದರೆ ನೇಗಿಲು ಹಿಡಿಯಲು ಅಡ್ಡಿಯಾಗಲಿಕ್ಕಿಲ್ಲ.’ ಓದಿ ಮುಗಿಸಿ ತಲೆ ಎತ್ತಲಾಗಲಿಲ್ಲ.

“ನನಗ ಅವತ್ತ ಗೊತ್ತಾತು” ಎಂದಳು. “ಕ್ಷೇಮ ಅವರದಾಗಿದ್ದಿಲ್ಲ.”

“ಮತ್ತ ಯಾಕ ಕೇಳಲಿಲ್ಲ, ದೊಡ್ಡವ್ವಾ?”

“ನುಗ್ಗಿ ಗಿಡ ಕೇಳಿದ್ರಲ್ಲ.”

ಅಷ್ಟೇ ಹೇಳಿದಳು. ಅಕ್ಷರ ಬೇರೆಯವರದು, ಅಂದರೆ ಅವರ ಕೈಗೆ ಏನೋ ಆಗಿದೆ. ಮಾತು ಅವರದೇ, ಅಂದರೆ ಜೀವಂತ ಇದ್ದಾರೆ, ಬುದ್ಧಿ ನೆಟ್ಟಗಿದೆ, ತನ್ನನ್ನು ಮರೆತಿಲ್ಲ. ನಾನು ಮುಚ್ಚಿಟ್ಟ ಎರಡು ಸಾಲಿನಲ್ಲಿ ಇದ್ದುದಕ್ಕಿಂತ ಹೆಚ್ಚಿನದನ್ನು ಅವಳು ಆ ರಾತ್ರಿಯೇ ಓದಿಕೊಂಡಿದ್ದಳು. ಆ ಮೇಲಿನ ಕಾಗದಗಳನ್ನು ಈಗ ಜೋಡಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ: 1972ರ ಮಾರ್ಚಿನದು ದೊಡ್ಡಪ್ಪ ಉಳಿದ ಮೂರು ಬೆರಳಿನಲ್ಲಿ ಸ್ವತಃ ಬರೆದ ಮೊದಲ ಕಾಗದ. ಅಕ್ಷರಗಳೆಲ್ಲ ಸೊಟ್ಟಗಿವೆ, ಕ್ಷೇಮದ ಬಾಲ ಗಿಡ್ಡವಾಗಿದೆ. ಮುಂದಿನ ಕಾಗದಗಳಲ್ಲಿ ಅದು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂದು, 1973ರ ಹೊತ್ತಿಗೆ ಮತ್ತೆ ಕೆಳಗಿನ ಸಾಲನ್ನು ಮುಟ್ಟಿದೆ.

ಕಾರ್ಗಿಲ್‌ನಿಂದ ಬಂದ ಒಂದು ಕಾಗದ ದೇಶಕ್ಕೆಲ್ಲ ಗೊತ್ತಿದೆ. 2 ರಾಜಪುತಾನಾ ರೈಫಲ್ಸ್‌ನ ಕ್ಯಾಪ್ಟನ್ ವಿಜಯಂತ್ ಥಾಪರ್, 22 ವರ್ಷದವರು, ಜೂನ್ ಕೊನೆಯ ದಾಳಿಗೆ ಹೊರಡುವ ಮುನ್ನ ಬರೆದು, ತಾನು ಮರಳದಿದ್ದರೆ ಮನೆಗೆ ಮುಟ್ಟಿಸಬೇಕೆಂದು ಬಿಟ್ಟುಹೋದದ್ದು. ಈ ಕಾಗದ ನಿಮ್ಮ ಕೈಸೇರುವಾಗ ನಾನು ಮೇಲಿನಿಂದ ನಿಮ್ಮನ್ನು ನೋಡುತ್ತಿರುತ್ತೇನೆ ಎಂದು ಶುರುವಾಗುವ ಆ ಕಾಗದದ ವೀರತನವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದರಲ್ಲಿ ಎದ್ದು ಕಾಣುವುದು ಮನೆಯವರಿಗೆ ಹೇಳಿಹೋದ ಕೆಲಸಗಳು: ತನ್ನ ದೇಹದ ಯಾವ ಅಂಗ ಉಪಯೋಗಕ್ಕೆ ಬಂದರೂ ಕೊಡಿ, ಅನಾಥಾಲಯಕ್ಕೆ ಸ್ವಲ್ಪ ಹಣ ಕೊಡಿ, ರುಖ್ಸಾನಾಳಿಗೆ ತಿಂಗಳಿಗೆ 50 ರೂಪಾಯಿ ಕೊಡುವುದನ್ನು ನಿಲ್ಲಿಸಬೇಡಿ. ರುಖ್ಸಾನಾ ಎಂದರೆ ಕುಪ್ವಾರಾದಲ್ಲಿ ಅವರು ಅಕ್ಕರೆ ತೋರಿದ್ದ, ಉಗ್ರರಿಂದ ತಂದೆಯನ್ನು ಕಳೆದುಕೊಂಡಿದ್ದ ಒಬ್ಬ ಪುಟ್ಟ ಹುಡುಗಿ. ಸಾವಿನ ಹಿಂದಿನ ಗಳಿಗೆಯಲ್ಲೂ ತಿಂಗಳಿನ 50 ರೂಪಾಯಿ ತಪ್ಪಬಾರದೆಂದು ನೆನಪಿಟ್ಟ ಮನಸ್ಸಿಗೂ, ಮನಿಯಾರ್ಡರು ಮುಟ್ಟಿತೇ, ಮೇಲ್ಮುದ್ದೆ ಸೋರುತ್ತದೆಯೇ ಎಂದು ಕೇಳುತ್ತಿದ್ದ ಮನಸ್ಸಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ದೂರ ಇರುವವನು ಮನೆಯ ಲೆಕ್ಕದಲ್ಲಿ ತನ್ನ ಪಾಲನ್ನು ಹಿಡಿದುಕೊಂಡೇ ಇರುತ್ತಾನೆ. ಸೈನ್ಯ ಹೋರಾಡಿದ ಜಾಗವನ್ನು ಬಂದು ನೋಡಿರೆಂದು ಥಾಪರ್ ಕಾಗದದಲ್ಲಿ ಕರೆದಿದ್ದರಿಂದ ಅವರ ತಂದೆ, ನಿವೃತ್ತ ಕರ್ನಲ್, ದ್ರಾಸ್‌ಗೆ ವರ್ಷ ವರ್ಷವೂ ಹೋಗುತ್ತ ಬಂದರು.

ಕರವಸ್ತ್ರದ ಗಂಟು

ದೊಡ್ಡಪ್ಪ ಯುದ್ಧದ ಕತೆ ಹೇಳುತ್ತಿರಲಿಲ್ಲ. ಬಹಳ ಕಾಡಿದರೆ ಹೇಳುತ್ತಿದ್ದದ್ದು ಒಂದೇ ಕತೆ, ಅದೂ ತಮ್ಮದಲ್ಲ, ಈಗಿನ ಬಾಂಗ್ಲಾದೇಶದ ಜಮಾಲ್‌ಪುರದ್ದು. ಬ್ರಹ್ಮಪುತ್ರದ ದಂಡೆಯ ಆ ಊರನ್ನು ನಮ್ಮ ಸೈನ್ಯ ಸುತ್ತುವರಿದಾಗ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್ ಅವರು ಶರಣಾಗಿರೆಂದು ಡಿಸೆಂಬರ್ 9ರಂದು ಎದುರಿನ ಪಾಕಿಸ್ತಾನಿ ಪಡೆಗೆ ಕಾಗದ ಕಳಿಸಿದರು. ಒಯ್ದವನು ಜಹೂರುಲ್ ಹಕ್ ಮುನ್ಷಿ ಎಂಬ, ಬಂಗಾಳಿಗಳ ವಿಮೋಚನಾ ಪಡೆಯಾದ ಮುಕ್ತಿವಾಹಿನಿಯ ಮನುಷ್ಯ. 31 ಬಲೂಚ್‌ನ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರ ಬರೆದು, ಆ ಕಾಗದದಲ್ಲಿ ಒಂದು ಗುಂಡನ್ನು ಸುತ್ತಿ ಕಳಿಸಿದರು: ಲೇಖನಿಯಲ್ಲಿ ಇಷ್ಟು ಪಳಗಿದ ನೀವು ಮುಂದಿನ ಸಲ ಕೈಯಲ್ಲಿ ಸ್ಟೆನ್ ಗನ್ ಹಿಡಿದು ಸಿಗುತ್ತೀರೆಂದು ಆಶಿಸುತ್ತೇನೆ ಎಂಬುದು ಅದರ ಸಾರ. ಒಂದೆರಡು ದಿನದಲ್ಲೇ ಆ ಠಾಣೆ ಬಿತ್ತು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲ ಪಲ್ಟನ್ ಆ ಕದನದಲ್ಲಿದ್ದುದರಿಂದ ನಮ್ಮ ಕಡೆಯ ಫೌಜಿಗಳ ಬಾಯಲ್ಲಿ ಈ ಕತೆ ಬಹಳ ದಿನ ಓಡಾಡಿತು. ಬರೆಯಲಾಗದ್ದನ್ನು ಹೇಳಲು ಕಾಗದದಲ್ಲಿ ಒಂದು ವಸ್ತುವನ್ನು ಸುತ್ತಿಡುವುದು ಸೈನಿಕರಿಗೆ ಹೊಸದಲ್ಲ ಎಂಬುದಕ್ಕೆ ನನಗೆ ಇದು ನೆನಪಾಗುತ್ತದೆ.

ಗಂಟಿನಲ್ಲಿ ಕಾಗದದ ಜೊತೆ ಇದ್ದದ್ದು ಒಂದು ಬಳೆ. ಶಂಖದಿಂದ ಕೊರೆದ ಬಿಳಿಯ ಬಳೆ, ಬಂಗಾಳದ ಮುತ್ತೈದೆಯರು ಹಾಕುವಂಥದ್ದು. ಅಂಚಿನಲ್ಲಿ ಸಣ್ಣ ಗೀರಿನ ಹೂವು, ಒಳಮೈ ತೊಟ್ಟು ತೊಟ್ಟು ನುಣುಪಾಗಿದೆ. ಸಣ್ಣ ಅಳತೆ, ದೊಡ್ಡವ್ವನ ಕೈಗೆ ಏರುವಂಥದ್ದಲ್ಲ. ಆ ವರ್ಷ ಪೂರ್ವ ಪಾಕಿಸ್ತಾನದಿಂದ ಕೋಟಿಯಷ್ಟು ಜನ ಗಡಿ ದಾಟಿ ಬಂದರು. ನನ್ನ ಪಾಲಿಗೆ ಅವರೆಲ್ಲ ಒಂದು ಸ್ಟಾಂಪು ಮಾತ್ರ ಆಗಿದ್ದರು: ನವೆಂಬರ್ 15ರಿಂದ ಕಾಗದಕ್ಕೆ ನಿರಾಶ್ರಿತರ ನೆರವಿನ 5 ಪೈಸೆಯ ಹೆಚ್ಚಿನ ಸ್ಟಾಂಪು ಹಚ್ಚಬೇಕಿತ್ತು, ಹುಬ್ಬಳ್ಳಿಯ ಅತ್ತೆಗೆ ಕಾಗದ ಹಾಕಲು ಹೋದಾಗ ಅದನ್ನು ನಾಲಿಗೆಗೆ ತಾಗಿಸಿ ಅಂಟಿಸಿದ್ದು ನೆನಪಿದೆ. ದೊಡ್ಡಪ್ಪ ಅದೇ ಜನರು ಬಿಟ್ಟುಹೋದ ಊರುಗಳಲ್ಲಿ ನಡೆದರು. ಯಾರೂ ಇಲ್ಲದ ಒಂದು ಮನೆಯ ಬಾವಿಕಟ್ಟೆಯ ಮೇಲೆ, ನೀರು ಸೇದುವಾಗ ತೆಗೆದಿಟ್ಟ ಹಾಗೆ, ಈ ಬಳೆ ಇತ್ತಂತೆ. ಇದನ್ನು ಅವರು ಹೇಳಿದ್ದು ದೊಡ್ಡವ್ವನಿಗೆ ಮಾತ್ರ. ಅವಳು ಆ ಜುಲೈ ರಾತ್ರಿ ನನಗೆ ಹೇಳಿದಳು.

“ಯಾರದೋ ಏನೋ, ಯಾಕ ತಂದ್ರಿ ಅಂದ್ನಿ. ಒಡದಿದ್ದಿಲ್ಲ, ಅದಕ್ಕ ತಂದ್ನಿ ಅಂದ್ರು.”

ಇದು ಯಾವ ಕಾಗದದಲ್ಲೂ ಇಲ್ಲ. ಅಜ್ಜ ಓದಿಸಿಕೊಳ್ಳುವ, ಓಣಿಯ ಜನ ಕೇಳುವ, ಒಂಬತ್ತು ವರ್ಷದ ಹುಡುಗ ಗಟ್ಟಿಯಾಗಿ ಹೇಳುವ ಕಾಗದದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಪದಕಗಳ ಮೇಲೆ ಅವರ ನಂಬರು, ಹೆಸರು ಕೆತ್ತಿದೆ. ಅವು ಯಾರವೆಂದು ಮುಂದೆ ಯಾರು ನೋಡಿದರೂ ತಿಳಿಯುತ್ತದೆ. ಬಳೆಯ ಮೇಲೆ ಏನೂ ಇಲ್ಲ. ಹೇಳುವವರು ಇಲ್ಲವಾದ ದಿನ ಅದು ಬರಿಯ ಬಳೆ. ದೊಡ್ಡವ್ವ ಅದನ್ನು ಹಾಕಿಕೊಳ್ಳಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಪ್ರತಿವರ್ಷ ಮಹಾನವಮಿಗೆ ಟ್ರಂಕು ತೆಗೆದಾಗ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಆ ಬೇರೆ ಕೈಯ ಕಾಗದದಲ್ಲಿ ಸುತ್ತಿ ಗಂಟು ಕಟ್ಟುತ್ತಿದ್ದಳು. ಅವೆರಡನ್ನು ಅವಳು ಏಕೆ ಒಟ್ಟಿಗೆ ಇಟ್ಟಳೆಂದು ನಾನು ಕೇಳಲಿಲ್ಲ. 2011ರಲ್ಲಿ ಅವಳು ಹೋದಳು.

ಅಚ್ಚು ಮತ್ತು ಕೈಬರಹ

ಈ ಬರಹಕ್ಕೆ ಕುಳಿತ ಮೇಲೆ ನನಗೆ ಒಂದು ದಾರಿ ತೋಚಿತು. 38ನೆಯ ಕಾಗದವನ್ನೂ ಟೈಪ್ ಮಾಡಿದೆ, ಉಳಿದಿರುವಷ್ಟನ್ನು: ಮೇಲಿನ ಒಕ್ಕಣೆ, ಕೆಳಗಿನ ನುಗ್ಗಿ ಗಿಡ, ಸಹಿ. ನಡುವೆ ನಾಲ್ಕು ಬೆರಳಗಲ ಜಾಗ ಖಾಲಿ ಬಿಟ್ಟೆ. ಎಲ್ಲ ಕಾಗದಗಳ ಪಕ್ಕದಲ್ಲೂ ಮೂಲದ ಚಿತ್ರವನ್ನು, ಅದರ ಅರಿಶಿನದ ಕಲೆ ಕಾಣುವಂತೆ ಬಣ್ಣದಲ್ಲಿಯೇ, ಹಾಕಿಸಿದೆ. ಐದು ಪ್ರತಿ ಅಚ್ಚಾಗಿ ಬಂದ ಮೇಲೆ ಒಂದೊಂದರಲ್ಲೂ ಆ ಖಾಲಿ ಜಾಗದಲ್ಲಿ ನೆನಪಿನಲ್ಲಿದ್ದ ಎರಡು ಸಾಲನ್ನು ಪೆನ್ನಿನಿಂದ ಬರೆದೆ. ಇದು ದೊಡ್ಡಪ್ಪನ ಅಕ್ಷರವಲ್ಲ, ಆಸ್ಪತ್ರೆಯ ಆ ಸೋಬತಿಯದೂ ಅಲ್ಲವೆಂದು ನೋಡಿದವರಿಗೆ ತಿಳಿಯಲಿ. ಕೆಳಗೆ ನನ್ನ ಹೆಸರು ಬರೆದು, ‘1972ರಲ್ಲಿ ಓದದೆ ಬಿಟ್ಟದ್ದು’ ಎಂದು ಸೇರಿಸಿದೆ.

ತಂಗಿಗೆ ಮೊದಲ ಪ್ರತಿಯನ್ನು ಕೊಟ್ಟು ಬಂದಿದ್ದೇನೆ. ಆ ಕಾಗದ ಓದುವಾಗ ತಾನು ಇನ್ನೂ ಹುಟ್ಟಿರಲಿಲ್ಲ, ತನ್ನ ಸಲುವಾಗಿಯೇ ಆ ಎರಡು ಸಾಲನ್ನು ಬಿಟ್ಟರು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬರೆದ ಜಾಗವನ್ನು ಓದಿದಳು. ಆಮೇಲೆ ಹಾಳೆ ತಿರುವಿ ಹಿಂದಕ್ಕೆ ಹೋಗಿ, 1969ರ ಮೊದಲ ಕಾಗದದ ಚಿತ್ರ ತೆಗೆದು, “ಇದರಾಗ ಕ್ಷೇಮ ಎಲ್ಲೈತಿ, ಅಣ್ಣಾ?” ಎಂದು ಕೇಳಿದಳು.